ಮೊದಲು ಕರಗುವುದು ಕೊರಳಿನ ಚಿನ್ನ

ಊರು ಬಿಟ್ಟು ಓಡುವಾಗ ಗದ್ದೆಯನ್ನು ಹೊತ್ತೊಯ್ಯಲಾಗದು. ಕೊರಳಿನ ಚಿನ್ನ ಮಾತ್ರ ಹೆಂಗಸಿನ ಜೊತೆಗೇ ನಡೆದು ಬರುತ್ತದೆ. ಶ್ರೀಲಂಕಾದ ಅಂತರ್ಯುದ್ಧದಲ್ಲಿ 1995ರ ಅಕ್ಟೋಬರ್ ಕೊನೆಗೆ ಲಕ್ಷಾಂತರ ತಮಿಳರು ಉತ್ತರದ ಜಾಫ್ನಾ ತೊರೆದಾಗಲೂ, ಯುದ್ಧ ಮುಗಿದ 2009ರಲ್ಲಿ ಜಾಫ್ನಾದ ದಕ್ಷಿಣಕ್ಕಿರುವ ವನ್ನಿ ಸೀಮೆಯ ಜನ ವವುನಿಯಾ ಬಳಿಯ ಮೆನಿಕ್ ಫಾರ್ಮ್ ಶಿಬಿರ ಸೇರಿದಾಗಲೂ ಹೀಗೇ.

ನೆಮ್ಮದಿಯ ಕಾಲದಲ್ಲಿ ಬಳೆಯನ್ನು ಗಿರವಿ ಇಟ್ಟರೆ ಸುಗ್ಗಿಗೆ ಬಿಡಿಸಿಕೊಳ್ಳಬಹುದು. ಯುದ್ಧದಲ್ಲಿ ಸುಗ್ಗಿಯೇ ಇಲ್ಲ. ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ಚಿನ್ನದ ಬೆಲೆ ಕುಸಿಯುತ್ತದೆ, ಅಕ್ಕಿಯದು ಏರುತ್ತದೆ. ಆಪದ್ಧನವೆಂದು ಕೂಡಿಟ್ಟದ್ದು ಆಪತ್ತಿನಲ್ಲೇ ಅಗ್ಗವಾಗುತ್ತದೆ. ಮನೆಯ ಆಸ್ತಿಯಲ್ಲಿ ಮೊದಲು ಖಾಲಿಯಾಗುವುದು ಹೆಂಗಸಿನ ಪಾಲು.

ಇಂಥ ಸಂಕಟವನ್ನು ಅಳೆಯಲು ನೆರವು ಸಂಸ್ಥೆಗಳು ಬಳಸುವ ಒಂದು ಸೂಚ್ಯಂಕವಿದೆ. ಕಳೆದ 7 ದಿನಗಳ ಬಗ್ಗೆ 5 ಪ್ರಶ್ನೆ: ಅಗ್ಗದ ಆಹಾರ ತಿಂದಿರಾ, ಕಡ ತಂದಿರಾ, ತುತ್ತು ಕಡಿಮೆ ಮಾಡಿದಿರಾ, ಹೊತ್ತಿನ ಊಟ ಬಿಟ್ಟಿರಾ, ಮಕ್ಕಳಿಗೆ ಸಾಲಲೆಂದು ದೊಡ್ಡವರು ಕಡಿಮೆ ಉಂಡಿರಾ. ಕೊನೆಯದಕ್ಕೇ ಹೆಚ್ಚು ತೂಕ: ಹಾಗೆ ಉಂಡ ದಿನಗಳನ್ನು 3ರಿಂದ ಗುಣಿಸುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ 'ದೊಡ್ಡವರು' ಎಂದರೆ ಯಾರು? ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದು ಉಣ್ಣುವವರು ಯಾರೆಂದು ನಮಗೆ ಗೊತ್ತು, ಸೂಚ್ಯಂಕಕ್ಕೆ ಗೊತ್ತಿಲ್ಲ.

ಇನ್ನು ನೆಲದ ಮಾತು. ಜಾಫ್ನಾದ ತಮಿಳರಲ್ಲಿ ಮನೆ, ಜಮೀನನ್ನು ವರದಕ್ಷಿಣೆಯಾಗಿ ಮಗಳ ಹೆಸರಿಗೇ ಬರೆದುಕೊಡುವ ರೂಢಿ ಹಳೆಯದು. 1707ರಲ್ಲಿ ಡಚ್ಚರು ಬರಹಕ್ಕಿಳಿಸಿದ 'ದೇಶವಳಮೈ' ಎಂಬ ಕಟ್ಟಳೆ ಅಲ್ಲಿ ಇಂದಿಗೂ ಕಾನೂನು. ಹೆಣ್ಣಿಗೆ ನೆಲದ ಒಡೆತನ! ಕೇಳಲು ಹಿತ. ಕೊಕ್ಕೆಯೂ ಅಲ್ಲೇ ಇದೆ: ಮದುವೆಯಾದವಳು ತನ್ನದೇ ಜಮೀನನ್ನು ಮಾರಲು ಗಂಡನ ಲಿಖಿತ ಒಪ್ಪಿಗೆ ಬೇಕು. ಗಂಡ ಯುದ್ಧದಲ್ಲಿ ಕಾಣೆಯಾಗಿದ್ದರೆ ಸಹಿ ಯಾರದು? ಅವನು ಸತ್ತನೆನ್ನಲು ಪುರಾವೆಯಿಲ್ಲ, ಬದುಕಿದ್ದಾನೆನ್ನಲು ಸುದ್ದಿಯಿಲ್ಲ. ಕೋರ್ಟಿನ ಮೆಟ್ಟಿಲು ಹತ್ತದೆ ಹೆಂಡತಿಯ ಹೆಸರಿನ ನೆಲ ಹೆಂಡತಿಯ ಕೈಗೇ ಎಟುಕದು. ಹೀಗಾಗಿ ಮಕ್ಕಳನ್ನು ಕಟ್ಟಿಕೊಂಡು ಕೂಲಿಗೋ ಸಾಲಕ್ಕೋ ಹೊರಡಬೇಕು.

ಕಾಣೆಯಾದವರಿಗೂ ಮರಣಪತ್ರ ಕೊಡಲು 2010ರಲ್ಲಿ ವಿಶೇಷ ಕಾಯ್ದೆ ಬಂತು. ಎಷ್ಟೋ ಹೆಂಗಸರು ಅದನ್ನು ಬೇಡವೆಂದರು. ಪತ್ರ ಪಡೆದರೆ ಹುಡುಕಾಟವನ್ನೇ ಕೈಬಿಟ್ಟಂತೆ. 2016ರ ತಿದ್ದುಪಡಿಯಲ್ಲಿ 'ಗೈರುಹಾಜರಿ ಪತ್ರ' ಎಂಬ ಹೊಸದೊಂದು ಸೇರಿತು. ಗಂಡ ಸತ್ತನೆಂದು ಬರೆದುಕೊಡದೆಯೂ ಸರ್ಕಾರಿ ನೆರವು ಕೇಳಬಹುದೆಂದು ಕಾನೂನು ಒಪ್ಪಿದ್ದು ಆಗ, ಯುದ್ಧ ಮುಗಿದ 7 ವರ್ಷಗಳ ನಂತರ.