ಚೆಕ್‌ರೋಲಿಗೆ ಬಾರದ ರಜೆ

ಜನವರಿ, ಕಾಫಿ ಕುಯ್ಲಿನ ಭರಾಟೆ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬಳು ಆಶಾ ಕಾರ್ಯಕರ್ತೆಯನ್ನು ನೀರಿನ ತೊಟ್ಟಿಯ ಹತ್ತಿರ ಕರೆದು, "ಅಕ್ಕಾ, ಈ ತಿಂಗಳೂ ಆಗಿಲ್ಲ. ತೆಗೆಸ್ಬೇಕು" ಅನ್ನುತ್ತಾಳೆ. 'ಗರ್ಭಪಾತ' ಪತ್ರಿಕೆಯ ಮಾತು. ತೋಟದಲ್ಲಿ ಅದು 'ತೆಗೆಸೋದು', ಪೇಟೆಯಲ್ಲಾದರೆ 'ಕ್ಲೀನ್ ಮಾಡಿಸೋದು'. ಅವಳ ಮುಂದಿನ ಪ್ರಶ್ನೆ ಪಾಪ ಪುಣ್ಯದ್ದಲ್ಲ: "ಎಷ್ಟು ದಿನ ಕೆಲಸ ತಪ್ಪುತ್ತೆ?"

ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಆದರೂ ಖರ್ಚಿದೆ. ಮೊದಲ ಬಸ್ಸಿನ ಚಾರ್ಜು, ಒಮ್ಮೊಮ್ಮೆ ಹೊರಗೆ ಮಾಡಿಸಬೇಕಾದ ಸ್ಕ್ಯಾನಿಂಗ್, ಎರಡನೇ ಸಲ ಬರಹೇಳಿದರೆ ಇನ್ನೊಂದು ದಿನ. ಕುಯ್ಲಿನ ಕೂಲಿ ಕಿಲೋ ಲೆಕ್ಕದ್ದು, ಗಿಡದ ಬುಡದಲ್ಲಿ ಇಲ್ಲದವಳಿಗೆ ಅದೂ ಇಲ್ಲ. ಡಾಕ್ಟರು ಮೈಸೂರಿಗೆ ಬರೆದುಕೊಟ್ಟರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ರೈಲೂ ಇಲ್ಲದ ಜಿಲ್ಲೆ ನಮ್ಮದು.

ಈ ವಿಷಯದಲ್ಲಿ ಸರ್ಕಾರ ಯಾವ ಬಾಗಿಲಿನಿಂದ ಒಳಬಂತು ಎಂದು ನೋಡಿದರೆ, ಖರ್ಚಿನ ಒಂದು ಭಾಗ ಮಾತ್ರ ಯಾಕೆ ಅದರ ಕಣ್ಣಿಗೆ ಬಿತ್ತು ಎಂಬುದು ಅರ್ಥವಾಗುತ್ತದೆ.

ಕೊಡಗು ಬ್ರಿಟಿಷರ ಕೈ ಸೇರಿದ್ದು 1834ರಲ್ಲಿ. 1860ರ ದಂಡ ಸಂಹಿತೆಯ 312ನೇ ಸೆಕ್ಷನ್ ಗರ್ಭ ತೆಗೆಯುವುದನ್ನು ಅಪರಾಧವೆಂದಿತು: ಮೂರು ವರ್ಷದವರೆಗೆ ಜೈಲು, ಮಗು ಹೊಟ್ಟೆಯಲ್ಲಿ ಮಿಸುಕಾಡಲು ಶುರುವಾಗಿದ್ದರೆ ಏಳು. ತಾನೇ ತೆಗೆದುಕೊಂಡ ಹೆಂಗಸೂ ಅಪರಾಧಿಯೇ. ತಾಯಿಯ ಜೀವ ಉಳಿಸಲು ಮಾಡಿದರೆ ಮಾತ್ರ ಮಾಫಿ. ಆ ಸೆಕ್ಷನ್ ಹೋಯಿತೆಂದುಕೊಳ್ಳಬೇಡಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 88ನೇ ನಂಬರಾಗಿ ಕೂತಿದೆ.

ಕದ್ದುಮುಚ್ಚಿ ತೆಗೆಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಿದ್ದುದರಿಂದ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ರಚನೆಯಾಯಿತು, 1966ರಲ್ಲಿ ವರದಿ ಬಂತು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ, 1972ರ ಏಪ್ರಿಲ್ 1ರಿಂದ ಜಾರಿ. ಕಾರಣ ಆರೋಗ್ಯ ಎಂದು ಬರೆದುಕೊಂಡರೂ, ಆ ಕಾಲದ ಗೋಡೆಗೋಡೆಯ ಮೇಲೂ ಇದ್ದದ್ದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. 1967ರಿಂದ 1970ರವರೆಗೆ ಆರೋಗ್ಯ ಸಚಿವರಾಗಿದ್ದ ಶ್ರೀಪತಿ ಚಂದ್ರಶೇಖರ್ ಸ್ವತಃ ಜನಸಂಖ್ಯಾ ತಜ್ಞರು. ಗರ್ಭನಿರೋಧಕ ಕೈಕೊಟ್ಟರೆ ಅದೂ ಒಂದು ಕಾರಣ ಎಂದು ಕಾಯ್ದೆ ಒಪ್ಪಿತು. ಆದರೆ ಮದುವೆಯಾದವಳಿಗೆ ಮಾತ್ರ.

ಹೀಗಾಗಿ ಸರ್ಕಾರದ ದುಡ್ಡಿನ ಬಗ್ಗೆ ಇಲ್ಲಿ ಜಗಳವೇ ಏಳಲಿಲ್ಲ. ಅಮೆರಿಕದಲ್ಲಿ ಎದ್ದಿತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕೆಂದಿತು. 1976ರಲ್ಲಿ ಸಂಸತ್ತು ಹೈಡ್ ತಿದ್ದುಪಡಿ ತಂದು, ಕೆಲವೇ ಸಂದರ್ಭ ಬಿಟ್ಟರೆ ಬಡವರ ವಿಮೆಯಲ್ಲಿ ಇದಕ್ಕೆ ಕೇಂದ್ರದ ಹಣ ಕೂಡದೆಂದಿತು. 2022ರಲ್ಲಿ ಹಕ್ಕೂ ಹೋಯಿತು. 'ನಾನು ಕೊಲೆಯೆಂದು ನಂಬುವ ಕೆಲಸಕ್ಕೆ ನನ್ನ ತೆರಿಗೆ ಯಾಕೆ?' ಎಂಬ ಅಲ್ಲಿನ ವಿರೋಧಿಗಳ ವಾದವನ್ನು ನಾನು ನಗುತ್ತಾ ತಳ್ಳಿಹಾಕುವುದಿಲ್ಲ. ಗರ್ಭ ಕಟ್ಟಿದ ಕ್ಷಣದಿಂದಲೇ ಜೀವವೆನ್ನುವ ಕ್ಯಾಥೊಲಿಕರು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಸುತ್ತ ಎರಡು ಶತಮಾನದಿಂದ ಇದ್ದಾರೆ. ಭ್ರೂಣಹತ್ಯೆಯನ್ನು ಮಹಾಪಾತಕವೆಂದು ಎಣಿಸುವ ಹಿಂದೂಗಳೂ ಇದ್ದಾರೆ. ಅವರೂ ತೆರಿಗೆ ಕಟ್ಟುತ್ತಾರೆ. ಆದರೆ ಹೆರಿಗೆ ಕಡಿಮೆಯಾಗಲಿ ಎಂದು ಸರ್ಕಾರವೇ ಹೊರಟಿದ್ದಾಗ ಈ ಪ್ರಶ್ನೆಗೆ ಕಿವಿ ಕೊಡುವವರಿರಲಿಲ್ಲ. ಆ ಉತ್ಸಾಹಕ್ಕೆ ಇನ್ನೊಂದು ಮುಖವೂ ಇತ್ತು. 'ಮುಂದೆ ಮಕ್ಕಳಾಗದಂತೆ ಆಪರೇಷನ್‌ಗೆ ಒಪ್ಪಿದರೆ ಮಾತ್ರ ತೆಗೆಯುತ್ತೇವೆ' ಎಂಬ ಷರತ್ತು ಕಾಯ್ದೆಯಲ್ಲಿ ಎಲ್ಲೂ ಇಲ್ಲದಿದ್ದರೂ ದೇಶದ ಹಲವು ಕಡೆ ಹೆಂಗಸರ ಕಿವಿಗೆ ಬಿದ್ದಿದೆ.

ಇನ್ನು, ತೀರ್ಮಾನ ಯಾರದ್ದು? ಕಾಯ್ದೆಯ ಪ್ರಕಾರ ಡಾಕ್ಟರದ್ದು. ಅವರು 'ಸದ್ಭಾವನೆಯಿಂದ' ಅಭಿಪ್ರಾಯಕ್ಕೆ ಬಂದರೆ ಅಪರಾಧವಲ್ಲ. ಅಂದರೆ ನಮ್ಮಲ್ಲಿರುವುದು ಕಾಯ್ದೆ ಕೊಟ್ಟ ವಿನಾಯಿತಿ, ಹೆಂಗಸು ಕೇಳಿ ಪಡೆಯುವ ಹಕ್ಕಲ್ಲ. ಆದರೂ ಒಪ್ಪಿಗೆ ಅವಳೊಬ್ಬಳದೇ. ಫಾರ್ಮ್ ಸಿ ಎಂಬ ಹಾಳೆ ನೋಡಿದವರಿಗೆ ಗೊತ್ತು: ಹೆಸರು, ವಯಸ್ಸು, ವಿಳಾಸ, ಕೆಳಗೆ ಅವಳ ಸಹಿ ಇಲ್ಲವೇ ಹೆಬ್ಬೆಟ್ಟು. ಹದಿನೆಂಟು ತುಂಬಿದ್ದರೆ ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ಆದರೂ "ಯಜಮಾನ್ರು ಎಲ್ಲಮ್ಮಾ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಗಂಡ ಬಂದರೆ ಅವನ ಕೂಲಿಯೂ ಹೋಯಿತು. ಸಹಿಯಾದ ಫಾರ್ಮು ಲಕೋಟೆಯೊಳಗೆ ಹೋಗಬೇಕು, ಮೇಲೆ ಹೆಸರಿಲ್ಲದೆ ರಿಜಿಸ್ಟರಿನ ಕ್ರಮಸಂಖ್ಯೆ, ಜೊತೆಗೆ 'ರಹಸ್ಯ' ಎಂಬ ಗುರುತು. ಗುಟ್ಟು ಬಿಟ್ಟುಕೊಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿ ಸೇರಿಸಿತು.

ಅದೇ ತಿದ್ದುಪಡಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕೆಂದಿತು, ಅತ್ಯಾಚಾರಕ್ಕೊಳಗಾದವರಂಥ ಕೆಲವರಿಗೆ ಮಿತಿಯನ್ನು 24ಕ್ಕೆ ಏರಿಸಿತು, 'ಗಂಡ' ಎಂದಿದ್ದಲ್ಲಿ 'ಸಂಗಾತಿ' ಎಂದು ಬರೆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 24 ವಾರದ ಸೌಲಭ್ಯದಲ್ಲಿ ಮದುವೆಯಾಗದವಳಿಗೂ ಪಾಲಿದೆ ಎಂದಿತು. ಮರುವರ್ಷ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರ ದಾಟಿ ಬಂದಾಗ ಅದೇ ಕೋರ್ಟು ಆಗದು ಎಂದಿತು, ಹೆರಿಗೆಯ ವೈದ್ಯಕೀಯ ವೆಚ್ಚವನ್ನು ಸರ್ಕಾರ ಭರಿಸಲಿ ಎಂದಿತು.

2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣೆಂದು ಗೊತ್ತಾದರೆ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಅದು ಬೇರೆಯೇ ಅಪರಾಧ, 1994ರ ಲಿಂಗಪತ್ತೆ ನಿಷೇಧ ಕಾಯ್ದೆಗೆ ಸೇರಿದ್ದು. ಕನ್ನಡದ ಹೆಡ್‌ಲೈನುಗಳು ಎರಡಕ್ಕೂ 'ಭ್ರೂಣಹತ್ಯೆ' ಎಂಬ ಒಂದೇ ಹಣೆಪಟ್ಟಿ ಅಂಟಿಸುತ್ತವೆ. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರಿದ್ದ ಕೊಡಗಿನಲ್ಲೂ, ಆರು ವಾರದ ಬಸುರಿ ಮಾತ್ರೆ ಕೇಳಿದರೆ ಕಳ್ಳಿಯನ್ನು ನೋಡಿದಂತೆ ನೋಡುವವರಿದ್ದಾರೆ. ಒಂಬತ್ತು ವಾರದವರೆಗೆ ಡಾಕ್ಟರ ಸಲಹೆಯ ಮೇಲೆ ಮಾತ್ರೆಯಲ್ಲೇ ಮುಗಿಯಬಹುದಾದ ಕೆಲಸ ಆ ನೋಟಕ್ಕೆ ಹೆದರಿ ಹದಿಮೂರಕ್ಕೆ ಹೋಗುತ್ತದೆ.

ತೋಟಕ್ಕೆ ಬರೋಣ. 1961ರ ಹೆರಿಗೆ ಭತ್ಯೆ ಕಾಯ್ದೆ ಶುರುವಿನಿಂದಲೂ ಪ್ಲಾಂಟೇಷನ್‌ಗಳನ್ನು ಹೆಸರಿಸಿಯೇ ಒಳಗೊಂಡಿತ್ತು. ತಾನಾಗಿ ಗರ್ಭ ಹೋದರೆ ಆರು ವಾರ ಸಂಬಳದ ರಜೆ ಎಂದಿದ್ದುದಕ್ಕೆ 1995ರಲ್ಲಿ ವೈದ್ಯಕೀಯ ಗರ್ಭಪಾತವೂ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಅದೇ ಆರು ವಾರ ದಾಟಿ ಬಂದಿದೆ. ದುಡ್ಡು ಕೊಡಬೇಕಾದವರು ತೋಟದ ಮಾಲೀಕರು. ಆದರೆ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ ಲೆಕ್ಕದಲ್ಲಿ ಪ್ಲಾಂಟೇಷನ್ ಎಂದರೆ ಕನಿಷ್ಠ 5 ಹೆಕ್ಟೇರ್, 15 ಜನ ಕೆಲಸಗಾರರು ಇರಬೇಕಿತ್ತು. ಕೊಡಗಿನ ಸಣ್ಣ ತೋಟಗಳು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮೇಸ್ತ್ರಿಯ ಹಿಂದೆ ಜೀಪಿನಲ್ಲಿ ಬಂದು ಕುಯ್ಯುವವರಿಗೆ ಮಾಲೀಕರು ಯಾರೆಂದೇ ಗೊತ್ತಿರುವುದಿಲ್ಲ.

ದೊಡ್ಡ ಎಸ್ಟೇಟಿನ ಕಾಯಂ ಕೆಲಸದವಳೇ ಆದರೂ ರಜೆ ಬೇಕೆಂದರೆ ಪುರಾವೆ ಕೊಡಬೇಕು. ಆಸ್ಪತ್ರೆ ಲಕೋಟೆಗೆ ಹಾಕಿ 'ರಹಸ್ಯ' ಎಂದು ಬರೆದಿಟ್ಟದ್ದನ್ನು ಅವಳೇ ಸರ್ಟಿಫಿಕೇಟಾಗಿ ತಂದು ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲಿಡಬೇಕು. ರೈಟರು ಅದೇ ಲೈನಿನ ಪಕ್ಕದ ಕ್ವಾರ್ಟರ್ಸಿನವರು, ಅವರ ಹೆಂಡತಿ ಸಂಘದ ಮೀಟಿಂಗಿಗೆ ಅವಳ ಜೊತೆಗೇ ಹೋಗುವವರು. ಅವಳು ಕಾಗದವನ್ನು ಸೀರೆಗಳ ನಡುವೆ ಮಡಚಿಟ್ಟು, ಮೂರನೇ ದಿನ ಬೆಳಿಗ್ಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುತ್ತಾಳೆ. "ಏನಮ್ಮಾ, ಎರಡು ದಿನ ಕಾಣ್ಲಿಲ್ಲ?" ಎಂದರೆ "ಜ್ವರ ರೈಟ್ರೇ" ಅನ್ನುತ್ತಾಳೆ. ಹಾಜರಿಯ ಚೆಕ್‌ರೋಲಿನಲ್ಲಿ ಆ ಎರಡು ದಿನಕ್ಕೂ ಆಬ್ಸೆಂಟ್ ಬಿದ್ದಿರುತ್ತದೆ.