ಮೇಷ್ಟ್ರು ಜೊತೆಗಿದ್ದಾರೆ ಸರಿ, ಹಕ್ಕು ಯಾರ ಹತ್ತಿರ ಇದೆ?

ಕಾದಂಬರಿಯೊಂದನ್ನು ಸಿನಿಮಾ ಮಾಡುತ್ತೇವೆ ಎಂದು ನನ್ನ ಕಚೇರಿಗೆ ಬರುವವರನ್ನು ನಾನು ಮೊದಲು ಕೇಳುವುದು ಲೇಖಕರ ಸಹಿ ಇರುವ ಕಾಗದವನ್ನು. ಬಹಳಷ್ಟು ಮಂದಿ ಕೊಡುವ ಉತ್ತರ ಒಂದೇ ತೆರನಾದದ್ದು. ‘ಕಾಗದ ಯಾಕೆ ಸರ್? ಮೇಷ್ಟ್ರೇ ನಮ್ಮ ಜೊತೆ ಕೂತು ಸ್ಕ್ರೀನ್‌ಪ್ಲೇ ಬರೀತಿದ್ದಾರಲ್ಲ!’ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರು ಮೋಸಗಾರರಲ್ಲ, ಪುಸ್ತಕವನ್ನು ನಿಜಕ್ಕೂ ಪ್ರೀತಿಸುವವರು ಎಂಬುದೇ ನನಗೆ ಹೆಚ್ಚು ಸಂಕಟದ ವಿಷಯ.

ಲೇಖಕರು ನಿಮ್ಮ ಜೊತೆ ಕೂತು ಬರೆಯುವುದು ಅವರ ಕೆಲಸ. ಕಾದಂಬರಿಯ ಚಿತ್ರಹಕ್ಕು ಅವರ ಆಸ್ತಿ. ಸೈಟಿನ ಮಾಲೀಕರು ನಿಮ್ಮ ಪಕ್ಕದಲ್ಲೇ ನಿಂತು ಮನೆಯ ಪ್ಲ್ಯಾನ್ ಹಾಕಿಸಿಕೊಟ್ಟರೆ ಸೈಟು ನಿಮ್ಮ ಹೆಸರಿಗೆ ಬರುತ್ತದೆಯೇ? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ: ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು, ಹಕ್ಕು ಕೊಡುವವರೋ ಅವರ ಅಧಿಕೃತ ಪ್ರತಿನಿಧಿಯೋ ಸಹಿ ಹಾಕಿರಬೇಕು. ಇಲ್ಲದಿದ್ದರೆ ಅದು ಊರ್ಜಿತವಲ್ಲ. ಪೂರ್ತಿ ವರ್ಗಾವಣೆ ಬೇಡ, ಪರವಾನಗಿ ಸಾಕು ಎಂದರೂ ಅದೂ ಬರವಣಿಗೆಯಲ್ಲೇ ಇರಬೇಕು. ‘ಮಾಡ್ಕೊಳಪ್ಪ, ನಂದೇನೂ ಅಭ್ಯಂತರ ಇಲ್ಲ’ ಎಂದು ಲೇಖಕರು ಫೋನಿನಲ್ಲಿ ಹೇಳಿದ್ದು, ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟು ತೆಗೆಸಿಕೊಂಡ ಫೋಟೊ, ಮುಹೂರ್ತಕ್ಕೆ ಅವರೇ ಬಂದು ಕ್ಲ್ಯಾಪ್ ಮಾಡಿದ್ದು, ಇವೆಲ್ಲ ಒಳ್ಳೆಯ ನೆನಪುಗಳು. ಹಕ್ಕುಪತ್ರ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಓಕೆ’ ಹಿಡಿದುಕೊಂಡು ನ್ಯಾಯಾಲಯದಲ್ಲಿ ಏನಾದರೂ ವಾದ ಹೂಡಬಹುದೇನೋ, ಇಲ್ಲವೆನ್ನಲಾರೆ. ಆದರೆ ಅದನ್ನು ನಂಬಿ ದುಡ್ಡು ಹಾಕಿ ಎಂದು ಯಾವ ನಿರ್ಮಾಪಕರಿಗೂ ಹೇಳಲಾರೆ.

‘ಅಡ್ವಾನ್ಸ್ ಕೊಟ್ಟಿದ್ದೇವೆ’ ಎನ್ನುವವರೂ ಇದ್ದಾರೆ. ಒಬ್ಬರು ತಂದ ವೋಚರ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಲೇಖಕರ ಸಹಿ, ಪಕ್ಕದಲ್ಲಿ ಎರಡೇ ಪದ: ‘ಕಥೆ ಬಾಬ್ತು’. ಯಾವ ಕಥೆ? ಅಚ್ಚಾದ ಕಾದಂಬರಿಯ ಹಕ್ಕಿಗೋ, ಅದನ್ನು ಚಿತ್ರಕಥೆಯಾಗಿ ಬರೆದುಕೊಡುವ ಸಂಭಾವನೆಗೋ? ಸಂಬಂಧ ಚೆನ್ನಾಗಿರುವವರೆಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಹಳಸಿದ ಮೇಲೆ ಲೇಖಕರು ಅದು ಬರೆದದ್ದಕ್ಕೆ ಬಂದ ಕೂಲಿ ಎನ್ನುತ್ತಾರೆ, ನಿರ್ಮಾಪಕರು ಹಕ್ಕಿನ ಬೆಲೆ ಎನ್ನುತ್ತಾರೆ. ಇಬ್ಬರೂ ತಾವು ಹೇಳುವುದನ್ನು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಆದ್ದರಿಂದಲೇ ನಾನು ಎರಡು ಒಪ್ಪಂದ ಮಾಡಿಸುತ್ತೇನೆ. ಒಂದು ಕಾದಂಬರಿಯ ಚಿತ್ರಹಕ್ಕಿಗೆ, ಇನ್ನೊಂದು ಲೇಖಕರ ಚಿತ್ರಕಥೆಯ ಕೆಲಸಕ್ಕೆ. ಎರಡಕ್ಕೂ ಬೇರೆ ಹಣ, ಬೇರೆ ಷರತ್ತು. ಎರಡನೆಯದು ನಿಂತುಹೋದರೆ ಮೊದಲನೆಯದರ ಗತಿಯೇನು ಎಂಬ ಸಾಲು ಎರಡರಲ್ಲೂ ಇರಬೇಕು. ‘ಮೇಷ್ಟ್ರ ಮುಂದೆ ಇಷ್ಟೆಲ್ಲ ಕಾಗದ ಇಟ್ಟರೆ ಬೇಜಾರು ಮಾಡ್ಕೋತಾರೆ’ ಎಂದು ನಿರ್ದೇಶಕರು ಹಿಂಜರಿಯುತ್ತಾರೆ. ನಾನು ಕಂಡ ಲೇಖಕರು ಕಾಗದಕ್ಕೆ ಬೇಜಾರು ಮಾಡಿಕೊಂಡದ್ದು ಕಡಿಮೆ. ತಮ್ಮನ್ನು ಕೇಳದೆ ಕ್ಲೈಮ್ಯಾಕ್ಸ್ ಬದಲಾಯಿಸಿದಾಗ ಮಾಡಿಕೊಂಡಿದ್ದಾರೆ.

ಜೊತೆಯಾಗಿ ಬರೆದ ಚಿತ್ರಕಥೆಯಲ್ಲಿ ಇನ್ನೊಂದು ತೊಡಕಿದೆ. ಯಾವ ಸಾಲು ಯಾರದು ಎಂದು ಬಿಡಿಸಲಾಗದಷ್ಟು ಇಬ್ಬರ ಬರವಣಿಗೆ ಬೆರೆತಿದ್ದರೆ ಕಾನೂನು ಅದನ್ನು ಜಂಟಿ ಕೃತಿ ಎನ್ನುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸಾಮಾನ್ಯವಾಗಿ ಇಬ್ಬರೂ ಅದರ ಒಡೆಯರು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಅದನ್ನು ಮಾರಲು ಹೋದರೆ ತಕರಾರು ಕಟ್ಟಿಟ್ಟ ಬುತ್ತಿ. ನಿರ್ದೇಶಕರ ಕಷ್ಟ ಇನ್ನೂ ದೊಡ್ಡದು. ಚಿತ್ರಕಥೆಯಲ್ಲಿ ತಮ್ಮ ಪಾಲು ಇದ್ದರೂ ಅದು ನಿಂತಿರುವುದು ಇನ್ನೊಬ್ಬರ ಕಾದಂಬರಿಯ ಮೇಲೆ. ಕಾದಂಬರಿಯ ಹಕ್ಕು ಕೈಯಲ್ಲಿಲ್ಲದೆ ಆ ಚಿತ್ರಕಥೆಯ ಒಂದು ದೃಶ್ಯವನ್ನೂ ಚಿತ್ರೀಕರಿಸುವಂತಿಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸಿದ್ದೇವೆ ಎಂಬುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಹೆಸರಿನ ವ್ಯವಸ್ಥೆ, ಕಥೆಯ ಹಕ್ಕಿನದಲ್ಲ.

ಮಲೆನಾಡಿನ ಹಿರಿಯ ಲೇಖಕರೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಯುವ ನಿರ್ದೇಶಕ ವಾರಗಟ್ಟಲೆ ಅವರ ಮನೆಯಲ್ಲೇ ಇದ್ದ. ಬೆಳಿಗ್ಗೆ ಜಗಲಿಯಲ್ಲಿ ಕೂತು ಬರೆಯುವುದು, ಊಟವಾದ ಮೇಲೆ ಲೇಖಕರು ಕೆಂಪು ಶಾಯಿಯಲ್ಲಿ ತಿದ್ದುವುದು. ಆ ಹಸ್ತಪ್ರತಿಯನ್ನು ನಾನು ನೋಡಿದ್ದೇನೆ. ಒಂದು ಸಂಭಾಷಣೆಯ ಪಕ್ಕ ‘ಈ ಮಾತು ಅವಳು ಆಡುವುದಿಲ್ಲ’ ಎಂದು ಬರೆದಿದ್ದರು. ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ. ಕಾಗದ ಮಾತ್ರ ಆಗಲಿಲ್ಲ, ಅಷ್ಟರಲ್ಲಿ ಲೇಖಕರು ತೀರಿಕೊಂಡರು. ಕೃತಿಸ್ವಾಮ್ಯ ಲೇಖಕರೊಂದಿಗೆ ಮುಗಿಯುವುದಿಲ್ಲ, ಅವರ ನಂತರವೂ 60 ವರ್ಷ ಇರುತ್ತದೆ. ಉಯಿಲು ಇರಲಿಲ್ಲವಾದ್ದರಿಂದ ಅದು ವಾರಸುದಾರರ ಪಾಲಾಯಿತು. ಮಕ್ಕಳಲ್ಲಿ ಇಬ್ಬರು ಒಪ್ಪಿದರು. ಅಮೆರಿಕದಲ್ಲಿದ್ದ ಮಗ ‘ಅಪ್ಪ ನನಗೇನೂ ಹೇಳಿರಲಿಲ್ಲ’ ಎಂದ. ಅವನದೂ ತಪ್ಪಲ್ಲ. ಎಲ್ಲರ ಸಹಿ ಇಲ್ಲದೆ ಹಣ ಹಾಕುವುದಿಲ್ಲ ಎಂದು ನಿರ್ಮಾಪಕರು ಹಿಂದೆ ಸರಿದರು, ಒಟಿಟಿಯವರು ಚೈನ್ ಆಫ್ ಟೈಟಲ್, ಅಂದರೆ ಹಕ್ಕು ಲೇಖಕರಿಂದ ನಿರ್ಮಾಪಕರವರೆಗೆ ಬಂದದ್ದನ್ನು ತೋರಿಸುವ ಕಾಗದಗಳ ಸರಣಿ, ಕೇಳೇ ಕೇಳುತ್ತಾರೆ ಎಂಬುದು ಅವರ ಭಯ. ಆ ಹಸ್ತಪ್ರತಿ ಇವತ್ತಿಗೂ ನಿರ್ದೇಶಕನ ಬೀರುವಿನಲ್ಲಿದೆ.

ಕಾಗದ ಮಾಡಿಕೊಂಡವರೂ ಎಡವುವ ಜಾಗ ಅವಧಿ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದ ಹೊರತು, ವರ್ಗಾವಣೆ ತಾನಾಗಿ ರದ್ದಾದಂತೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಮ್ಮಲ್ಲಿ ಒಂದು ಚಿತ್ರ ಸೆಟ್ಟೇರಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಗೊತ್ತಿದ್ದೂ ಒಂದು ಪುಟದ ಕರಾರಿಗೆ ಸಹಿ ಮಾಡಿ ನಿಶ್ಚಿಂತರಾಗುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಆಪ್ಷನ್ ಒಪ್ಪಂದ ಮಾಡಿಕೊಳ್ಳಿ. ಸಣ್ಣ ಮೊತ್ತ ಕೊಟ್ಟು ನಿಗದಿತ ಕಾಲ ಹಕ್ಕನ್ನು ಕಾದಿರಿಸುವುದು, ನಿರ್ಮಾಣ ಖಚಿತವಾದಾಗ ಉಳಿದದ್ದು ಕೊಡುವುದು. ಲೇಖಕರಿಗೂ ಇದು ನ್ಯಾಯವೇ, ಚಿತ್ರ ಆಗದಿದ್ದರೆ ಪುಸ್ತಕ ಅವರ ಕೈಗೆ ವಾಪಸ್ ಬರುತ್ತದೆ.

ಲೇಖಕರಿಗೂ ಒಂದು ಮಾತು. ಹಕ್ಕು ಮಾರಿದರೂ ಕೃತಿಯನ್ನು ತಮ್ಮ ಗೌರವಕ್ಕೆ ಕುಂದಾಗುವಂತೆ ವಿರೂಪಗೊಳಿಸುವುದನ್ನು ಪ್ರಶ್ನಿಸುವ ಅಧಿಕಾರ 57ನೇ ಕಲಮಿನಡಿ ನಿಮ್ಮಲ್ಲೇ ಉಳಿಯುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯ ಚಿತ್ರರೂಪದ ವಿರುದ್ಧ ಹೋದಾಗ ದೆಹಲಿ ಹೈಕೋರ್ಟ್ 1986ರಲ್ಲಿ ಇದನ್ನು ಎತ್ತಿಹಿಡಿಯಿತು. ಹಾಗೆಂದು ಪ್ರತಿ ಬದಲಾವಣೆಯೂ ವಿರೂಪವಲ್ಲ, ಸಿನಿಮಾಕ್ಕೆ ಬೇಕಾದ ಮಾರ್ಪಾಡಿಗೆ ಅವಕಾಶ ಇದ್ದೇ ಇದೆ. ಗೆರೆ ಎಲ್ಲಿ ಎಂಬುದು ಆಯಾ ಪ್ರಕರಣದ ಮೇಲೆ ನಿಂತಿದೆ. ಯಾವುದನ್ನು ಮುಟ್ಟಬಾರದು ಎಂದು ನಿಮಗೆ ಮೊದಲೇ ಅನಿಸಿದ್ದರೆ, ಉದಾಹರಣೆಗೆ ಕೊನೆಯ ಅಧ್ಯಾಯ, ಅದನ್ನು ಒಪ್ಪಂದದಲ್ಲೇ ಬರೆಸಿ.

ಮೊದಲ ಭೇಟಿಗೆ ಬರುವಾಗ ಲೇಖಕರು ಪ್ರಕಾಶಕರೊಂದಿಗೆ ಮಾಡಿಕೊಂಡ ಹಳೆಯ ಕರಾರನ್ನೂ ಹುಡುಕಿ ತನ್ನಿ. ಅದರಲ್ಲಿ ‘ಎಲ್ಲ ಹಕ್ಕುಗಳು’ ಎಂದು ಎಲ್ಲಾದರೂ ಬರೆದುಕೊಟ್ಟಿದ್ದರೆ ನಿಮಗೆ ಪ್ರಕಾಶಕರ ಸಹಿಯೂ ಬೇಕಾಗಬಹುದು. ಆಮೇಲೆ ಚಿತ್ರಕಥೆಯ ಮೊದಲ ದೃಶ್ಯ ಬರೆಯಲು ಕೂರಿ.