ರಾಜೀನಾಮೆ ಕೊಟ್ರೆ ಕೈ ತೊಳ್ಕೊಂಡಂಗಲ್ಲ ಸ್ವಾಮಿ

ನಮ್ಮ ವಕೀಲಿ ಆಫೀಸಿಗೆ ಬರೋ ಶಾಸಕರಲ್ಲಿ ಎರಡು ಥರ. ಚುನಾವಣಾ ತಕರಾರು ಅರ್ಜಿ ಹಿಡ್ಕೊಂಡು ಹಗಲೊತ್ತಲ್ಲಿ ಹತ್ತು ಜನ ಹಿಂಬಾಲಕರ ಜೊತೆ ಬರೋರು ಒಂದು ಥರ. ರಾತ್ರಿ ಹನ್ನೊಂದರ ಮೇಲೆ ಗನ್‌ಮ್ಯಾನ್‌ನ ಕಾರಲ್ಲೇ ಕೂರಿಸಿ ಒಬ್ರೇ ಮೆಟ್ಲು ಹತ್ಕೊಂಡು ಬರೋರು ಇನ್ನೊಂದು ಥರ. ಈ ಎರಡನೇ ಥರದವ್ರು ಕೇಳೋದು ಇಪ್ಪತ್ತು ವರ್ಷದಿಂದ ಒಂದೇ ಪ್ರಶ್ನೆ, ನಾನು ಹೇಳೋದೂ ಒಂದೇ ಉತ್ತರ, ಆದ್ರೂ ಯಾರ ತಲೆಗೂ ಅದು ಇಳಿಯಲ್ಲ.

ಕೆಲವು ವರ್ಷದ ಹಿಂದೆ ಉತ್ತರ ಕರ್ನಾಟಕದ ಕಡೆಯವರೊಬ್ರು ಬಂದಿದ್ರು, ಮೊದಲ ಸಲ ಗೆದ್ದವರು, ಯಾವ ಪಕ್ಷ ಯಾವ ಊರು ಅಂತ ಹೇಳಲ್ಲ. ಜೇಬಿಂದ ಲೆಟರ್‌ಹೆಡ್ ತೆಗೆದು ಟೇಬಲ್ ಮೇಲಿಟ್ರು. ಎರಡೇ ಸಾಲು, ಕೆಳಗೆ ಸಹಿ ಬಿದ್ದಿದೆ, ತಾರೀಕಿನ ಜಾಗ ಖಾಲಿ. 'ನೋಡ್ರೀ ವಕೀಲ್ರ, ಇದನ್ನ ಕೊಟ್ಟ ಮ್ಯಾಲೆ ನನ್ನ ಹ್ಯಾಂಗ ಅನರ್ಹ ಮಾಡ್ತಾರ? ನಾ ಇಲ್ಲಂದ ಮ್ಯಾಲೆ ಖಾಲಿ ಕುರ್ಚಿನ ಅನರ್ಹ ಮಾಡ್ತಾರೇನು?' ಅಂದು ನಕ್ರು. ಮಾತು ಚೆನ್ನಾಗೇ ಇದೆ, ಭಾಷಣದಲ್ಲಿ ಹೇಳಿದ್ರೆ ಚಪ್ಪಾಳೆ ಬೀಳುತ್ತೆ.

ನಾನು ಕೇಳಿದ್ದು ಬೇರೆ. ಶಾಸಕಾಂಗ ಪಕ್ಷದ ಸಭೆಗೆ ಹೋಗಿದ್ರಾ? 'ಎರಡು ಸಲ ಹೋಗಿಲ್ರೀ.' ನೋಟಿಸ್ ಬಂದಿತ್ತಾ? 'ಬಂದಿತ್ತು, ಪಿಎ ತಗೊಂಡಾನ.' ಆ ಕಡೆ ಪಕ್ಷದವ್ರ ಜೊತೆ ಎಲ್ಲಾದ್ರೂ ಕಾಣಿಸ್ಕೊಂಡಿದ್ರಾ? ಫೋನ್ ತೆಗೆದು ತಾವೇ ಫೋಟೋ ತೋರಿಸಿದ್ರು, ಹೆಗಲ ಮೇಲೆ ಶಾಲು ಬೇರೆ, ಮುಖದ ತುಂಬ ಸಂತೋಷ. ಆ ಫೋಟೋ ಅಷ್ಟೊತ್ತಿಗಾಗ್ಲೇ ಎಷ್ಟು ವಾಟ್ಸಾಪ್ ಗ್ರೂಪ್ ಸುತ್ತಿತ್ತೋ ದೇವರೇ ಬಲ್ಲ.

ಲಂಚ ತಗೊಂಡು ಟ್ರ್ಯಾಪ್ ಆದ ಗುಮಾಸ್ತ ಮಾರನೇ ದಿನ ಬೆಳಿಗ್ಗೆ ಸಾಹೇಬ್ರ ಟೇಬಲ್ ಮೇಲೆ ರಾಜೀನಾಮೆ ಇಟ್ಟು, ನಾನೀಗ ನೌಕರನೇ ಅಲ್ಲ ಕೇಸ್ ಹೆಂಗೆ ಹಾಕ್ತೀರಿ ಅಂದ್ರೆ ನೀವು ಒಪ್ತೀರಾ? ಇದೇ ಶಾಸಕರು ತಮ್ಮ ತಾಲ್ಲೂಕು ಆಫೀಸಿನ ಗುಮಾಸ್ತನ ವಿಷಯದಲ್ಲಿ ಒಪ್ಪಲ್ಲ, ತಮ್ಮ ವಿಷಯ ಬಂದಾಗ ಮಾತ್ರ ಅದು ಬೇರೆ ಅಂತಾರೆ. ಬೇರೆ ಅಲ್ಲ ಸ್ವಾಮಿ. ರಾಜೀನಾಮೆ ಕೊಡೋದು ಶಾಸಕ ಸ್ಥಾನಕ್ಕೆ, ಸ್ಪೀಕರ್ ಹತ್ರ. ಅನರ್ಹತೆ ಬರೋದು ಪಕ್ಷ ಬಿಟ್ಟಿದ್ದಕ್ಕೆ. ಪಕ್ಷ ಬಿಟ್ಟಿರಿ ಅನ್ನೋಕೆ ಪಕ್ಷಕ್ಕೆ ನೀವು ಪತ್ರ ಬರೀಬೇಕು ಅಂತೇನೂ ಇಲ್ಲ. ಪಕ್ಷಾಂತರ ತಡೆಯೋಕೆ ಅಂತ ಸಂವಿಧಾನದಲ್ಲಿರೋ ಹತ್ತನೇ ಶೆಡ್ಯೂಲಲ್ಲಿ ಇರೋ ಮಾತು ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಟ್ಟುಕೊಡೋದು ಅಂತ, ಅದಕ್ಕೆ ರಾಜೀನಾಮೆಗಿಂತ ಅಗಲವಾದ ಅರ್ಥ ಇದೆ, ನಡವಳಿಕೆ ನೋಡಿನೂ ತೀರ್ಮಾನ ಮಾಡಬಹುದು ಅಂತ ಗೋವಾದ ರವಿ ನಾಯಕ್ ಕೇಸಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿ ಮುಗಿಸಿದೆ. ಅಂದ್ರೆ ಸ್ಪೀಕರ್ ನೋಡೋದು ನೀವು ಪತ್ರ ಕೊಟ್ಟ ದಿನ ಅಲ್ಲ, ಶಾಲು ಹಾಕ್ಕೊಂಡ ದಿನ.

ಇನ್ನೊಂದ್ಸಲ ಹೇಳ್ತೀನಿ, ಯಾಕಂದ್ರೆ ಇಲ್ಲೇ ಎಲ್ರೂ ಜಾರೋದು. ಮೊದ್ಲು ತಪ್ಪು, ಆಮೇಲೆ ರಾಜೀನಾಮೆ ಆದ್ರೆ ರಾಜೀನಾಮೆಯಿಂದ ತಪ್ಪು ಅಳಿಸಿಹೋಗಲ್ಲ.

2019ರಲ್ಲಿ ಇದು ನಮ್ಮ ವಿಧಾನಸೌಧದಲ್ಲೇ ನಡೆದುಹೋಯ್ತಲ್ಲ. ಜುಲೈ 6ಕ್ಕೆ ಆಗಿನ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಶಾಸಕರು ರಾಜೀನಾಮೆ ಹಿಡ್ಕೊಂಡು ಬಂದಾಗ ಸ್ಪೀಕರ್ ರಮೇಶ್ ಕುಮಾರ್ ಕಚೇರಿಯಲ್ಲಿರ್ಲಿಲ್ಲ, ಕಾರ್ಯದರ್ಶಿ ಕೈಗೆ ಕೊಟ್ಟು ರಾಜಭವನಕ್ಕೆ ಹೋಗಿ ಅಲ್ಲಿಂದ ಮುಂಬೈಗೆ ಹಾರಿದ್ರು. 23ಕ್ಕೆ ವಿಶ್ವಾಸಮತ, ಪರ 99 ವಿರುದ್ಧ 105, ಕುಮಾರಸ್ವಾಮಿ ಸರ್ಕಾರ ಬಿತ್ತು. 25ಕ್ಕೆ ಮೂರು ಜನ, 28ಕ್ಕೆ ಇನ್ನೂ 14 ಜನ ಅನರ್ಹ. ರಮೇಶ್ ಜಾರಕಿಹೊಳಿ, ಮಹೇಶ್ ಕುಮಟಳ್ಳಿ ಇಬ್ರ ಮೇಲೆ ಅನರ್ಹತೆ ಅರ್ಜಿ ಫೆಬ್ರವರಿಯಲ್ಲೇ ಬಿದ್ದಿತ್ತು, ರಾಜೀನಾಮೆ ಬಂದಿದ್ದು ಜುಲೈನಲ್ಲಿ, ಲೆಕ್ಕ ನೀವೇ ಹಾಕ್ಕೊಳ್ಳಿ. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆನ ಎತ್ತಿಹಿಡೀತು, ರಾಜೀನಾಮೆ ಕೊಟ್ಟ ಮಾತ್ರಕ್ಕೆ ಕಳಂಕ ಆವಿಯಾಗಲ್ಲ ಅನ್ನೋ ಅರ್ಥದಲ್ಲೇ ಹೇಳ್ತು. ಆದ್ರೆ 2023ರ ತನಕ ಇವರು ಚುನಾವಣೆಗೆ ನಿಲ್ಲಂಗಿಲ್ಲ ಅಂತ ಸ್ಪೀಕರ್ ಹಾಕಿದ್ದ ಷರತ್ತನ್ನ ಮಾತ್ರ ಹೊಡೆದುಹಾಕ್ತು, ಅವಧಿ ಗೊತ್ತು ಮಾಡೋ ಅಧಿಕಾರ ಅವರಿಗಿಲ್ಲ ಅಂತ. ಡಿಸೆಂಬರ್‌ನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ, ಮತ್ತೆ ನಿಂತ 13 ಜನರಲ್ಲಿ 11 ಜನ ಗೆದ್ರು. ಇದನ್ನ ನೋಡಿಯೇ ನಮ್ಮ ಕಕ್ಷಿದಾರರು ಅನರ್ಹತೆ ಅಂದ್ರೆ ನಾಲ್ಕೈದು ತಿಂಗಳ ರಜೆ ಅಂದ್ಕೊಂಡ್ಬಿಟ್ಟಿದ್ದಾರೆ.

ಸ್ವಲ್ಪ ಓದ್ಕೊಂಡು ಬಂದವರು ಇನ್ನೆರಡು ಉದಾಹರಣೆ ಎಸೀತಾರೆ. ಒಂದು ಕಾಂಗ್ರೆಸ್ ಶಾಸಕರಾಗಿದ್ದ ಉಮೇಶ್ ಜಾಧವ್. ಅವರ ಮೇಲೂ ಅನರ್ಹತೆ ಅರ್ಜಿ ಇತ್ತು, ಅದೇ ಸ್ಪೀಕರ್, ಆದ್ರೆ ರಾಜೀನಾಮೆ ಸ್ವೀಕಾರ ಆಯ್ತು, ಕಲಬುರಗಿಯಲ್ಲಿ ಖರ್ಗೆಯವರನ್ನ ಸೋಲಿಸಿ ಲೋಕಸಭೆಗೆ ಹೋದ್ರು. ನಿಜ. ಅದಕ್ಕೇ ನಾನು ಯಾವತ್ತೂ ಗ್ಯಾರಂಟಿ ಕೊಡಲ್ಲ, ಸ್ಪೀಕರ್ ಮುಂದೆ ಏನಾಗುತ್ತೆ ಅಂತ ಬರ್ಕೊಡೋ ವಕೀಲ ಇದ್ರೆ ಅವರ ಹತ್ರನೇ ಹೋಗಿ. ಇನ್ನೊಂದು 2010ರದ್ದು, ಆಗ ಸ್ಪೀಕರ್ ಆಗಿದ್ದ ಬೋಪಯ್ಯನವರು 11 ಬಿಜೆಪಿ ಶಾಸಕರು, 5 ಪಕ್ಷೇತರರನ್ನ ಅನರ್ಹ ಮಾಡಿದ್ರು, 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಆದ್ರೆ ಆ 11 ಜನ ರಾಜ್ಯಪಾಲರಿಗೆ ಕೊಟ್ಟ ಪತ್ರ ಒಂದ್ಸಲ ನೋಡಿ. ಯಡಿಯೂರಪ್ಪನವರ ಸರ್ಕಾರಕ್ಕೆ ಬೆಂಬಲ ಇಲ್ಲ ಅಂದಿದ್ರೇ ಹೊರತು ಪಕ್ಷ ಬಿಟ್ವಿ ಅಂದಿರ್ಲಿಲ್ಲ, ಜೊತೆಗೆ ಅವರಿಗೆ ಉತ್ತರ ಕೊಡೋಕೆ ಸರಿಯಾಗಿ ಟೈಮೂ ಸಿಕ್ಕಿರ್ಲಿಲ್ಲ. ನಿಮ್ಮ ಶಾಲಿನ ಫೋಟೋಗೂ ಅದಕ್ಕೂ ಎಲ್ಲಿಂದೆಲ್ಲಿಗೆ.

ಸರಿ, ರಾಜೀನಾಮೆ ಆದ್ರೇನು ಅನರ್ಹತೆ ಆದ್ರೇನು, ಸೀಟಂತೂ ಹೋಯ್ತು, ಮತ್ತೆ ಗೆದ್ರಾಯ್ತು ಅಂತೀರಾ? ವ್ಯತ್ಯಾಸ ಮಂತ್ರಿಗಿರಿಯಲ್ಲಿದೆ, ನೀವು ರಾತ್ರಿ ಹನ್ನೊಂದಕ್ಕೆ ಮೆಟ್ಲು ಹತ್ತಿದ್ದೂ ಅದಕ್ಕೇ ಅಲ್ವಾ. ರಾಜೀನಾಮೆ ಸ್ವೀಕಾರ ಆದವ್ರು ಯಾವ ಸದನದಲ್ಲೂ ಇಲ್ದೆ ಆರು ತಿಂಗಳು ಮಂತ್ರಿ ಆಗಿರಬಹುದು. ಅನರ್ಹ ಆದವ್ರು ಸದನದ ಅವಧಿ ಮುಗಿಯೋ ತನಕ ಅಥವಾ ಮತ್ತೆ ಆಯ್ಕೆ ಆಗೋ ತನಕ ಆಗಂಗಿಲ್ಲ, ಸಂಬಳ ಬರೋ ನಿಗಮ ಮಂಡಳಿನೂ ಸಿಗಲ್ಲ. ಸಂವಿಧಾನಕ್ಕೆ 2003ರಲ್ಲಿ ಮಾಡಿದ ತಿದ್ದುಪಡಿ ಹಾಕಿದ ಬೀಗ ಇದು.

ಈ ಬೀಗಕ್ಕೆ ಸಿಕ್ಕಿದವ್ರು ಎಚ್. ವಿಶ್ವನಾಥ್. ನನಗೆ ಆ ಮನುಷ್ಯನ ಮೇಲೆ ಸ್ವಲ್ಪ ಅಭಿಮಾನ ಇದೆ, ಸದನದಲ್ಲಿ ಓದ್ಕೊಂಡು ಬಂದು ಮಾತಾಡ್ತಿದ್ರು, ಸ್ವತಃ ವಕೀಲರು ಬೇರೆ. ಕೆ.ಆರ್. ನಗರದಿಂದ 1978ರಲ್ಲೇ ಗೆದ್ದು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಂತ್ರಿಯಾಗಿ, ಮೈಸೂರಿನ ಎಂಪಿಯಾಗಿ, ಕೊನೆಗೆ ಜೆಡಿಎಸ್ ರಾಜ್ಯಾಧ್ಯಕ್ಷರಾಗಿ, 2019ರಲ್ಲಿ ಅನರ್ಹ ಆದ ಆ 17 ಜನರಲ್ಲಿ ಒಬ್ರಾದ್ರು. ಹುಣಸೂರು ಉಪಚುನಾವಣೆ ಸೋತ್ರು. ಆಮೇಲೆ 2020ರಲ್ಲಿ ಪರಿಷತ್ತಿಗೆ ಹೋದ್ರು, ಆದ್ರೆ ಹೋಗಿದ್ದು ನಾಮನಿರ್ದೇಶನದಲ್ಲಿ. ಹೊಸಕೋಟೆಯಲ್ಲಿ ಸೋತಿದ್ದ ಎಂಟಿಬಿ ನಾಗರಾಜ್, ಉಪಚುನಾವಣೆಗೆ ನಿಲ್ಲದೇ ಇದ್ದ ಆರ್. ಶಂಕರ್ ಇಬ್ರೂ ಅದೇ ಪರಿಷತ್ತಿಗೆ ಚುನಾಯಿತರಾಗಿ ಹೋದ್ರು. ನಾಮನಿರ್ದೇಶನ ಅಂದ್ರೆ ಚುನಾವಣೆ ಅಲ್ಲ ಅಂತ ಹೈಕೋರ್ಟ್ ಹೇಳ್ತು, ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಅದನ್ನೇ ಉಳಿಸ್ತು. ಅದೇ ತಿಂಗಳು ಎಂಟಿಬಿ, ಶಂಕರ್ ಮಂತ್ರಿಗಳಾಗಿ ಪ್ರಮಾಣವಚನ ತಗೊಂಡ್ರು, ವಿಶ್ವನಾಥ್ ಸುಮ್ನೆ ಎಂಎಲ್‌ಸಿ ಆಗೇ ಉಳಿದ್ರು.

ಇಷ್ಟನ್ನೂ ನಾನು ಅವತ್ತು ರಾತ್ರಿ ಆ ಶಾಸಕರಿಗೆ ಕಾಗದದ ಮೇಲೆ ಗೆರೆ ಎಳೆದು, ತಾರೀಕು ಬರೆದು ತೋರಿಸ್ದೆ. ತಣ್ಣಗಾದ ಟೀ ಮುಟ್ಟದೆ ಕೇಳಿಸ್ಕೊಂಡ್ರು. ಆಮೇಲೆ ಲೆಟರ್‌ಹೆಡ್ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಕೊಂಡು ಬಾಗಿಲ ತನಕ ಹೋದವ್ರು ತಿರುಗಿ ನಿಂತ್ರು.

'ಹಂಗಾರ ಮೊದಲ ರಾಜೀನಾಮಿ ಕೊಟ್ಟು, ಆಮ್ಯಾಲ ಫೋಟೋ ತಗಸ್ಬೇಕಿತ್ತೇನ್ರೀ?'

ನಾನು ಏನೂ ಹೇಳ್ಲಿಲ್ಲ, ಮೆಟ್ಲಿನ ಲೈಟ್ ಹಾಕ್ದೆ.